ಹಳೆಯ ಐಷಾರಾಮಿ ಕಾರನ್ನು ದಿನವೂ ಓಡಿಸಬಹುದೇ?

ಪ್ರಶ್ನೆ: ಮೂವತ್ತು ವರ್ಷಕ್ಕೂ ಹಳೆಯದಾದ ಐಷಾರಾಮಿ ಸೆಡಾನ್ ಒಂದು ಕಡಿಮೆ ಬೆಲೆಗೆ ಸಿಗುತ್ತಿದೆ. ಓಡಿರುವುದೂ ಕಡಿಮೆ. ಅದನ್ನೇ ದಿನವೂ ಕಚೇರಿಗೆ ಓಡಿಸಬೇಕೆಂಬ ಆಸೆ. ಬಿಳಿಯಾನೆ ಸಾಕಿದ ಹಾಗಾಗುತ್ತದೆ ಎಂದು ಮನೆಯವರು ಹೆದರಿಸುತ್ತಿದ್ದಾರೆ. ಕೊಳ್ಳಬಹುದೇ?

ಕೊಳ್ಳಬಹುದು, ದಿನವೂ ಓಡಿಸಬಹುದು. ಕಾರಿನ ವಯಸ್ಸು ನನಗೆ ಅಷ್ಟು ಅಳುಕು ತರಲಿಲ್ಲ. ‘ಕಡಿಮೆ ಬೆಲೆ’, ‘ಓಡಿರುವುದೂ ಕಡಿಮೆ’ ಎಂದಿದ್ದೀರಲ್ಲ, ಆ ಎರಡು ಮಾತು ತಂದವು.

ಮೊದಲು ಬೆಲೆಯ ವಿಚಾರ. ಕಾಲ ಕಳೆದಂತೆ ಕಾರಿನ ಬೆಲೆ ಇಳಿಯುತ್ತದೆ. ಅದರ ಬಿಡಿಭಾಗಗಳ ಬೆಲೆ ಹಾಗೆ ಇಳಿಯುವುದಿಲ್ಲ. ಹೊಸದಾಗಿದ್ದಾಗ ಕಂಪನಿಯ ಅತಿ ದುಬಾರಿ ಕಾರಾಗಿದ್ದುದರ ಬ್ರೇಕು, ಸಸ್ಪೆನ್ಷನ್, ಗೇರ್ ಬಾಕ್ಸ್ ಇಂದಿಗೂ ಅದೇ ದರ್ಜೆಯವು. ಅಂಥ ಕಾರು ತೀರಾ ಅಗ್ಗಕ್ಕೆ ಬಂದಿದ್ದರೆ, ಹಿಂದಿನ ಮಾಲೀಕರು ವರ್ಷಗಟ್ಟಲೆ ಮುಂದೂಡುತ್ತ ಬಂದ ರಿಪೇರಿಯೆಲ್ಲ ಅದರ ಜೊತೆಗೇ ನಿಮ್ಮ ಪಾಲಿಗೆ ಬರುತ್ತಿದೆ ಎಂದೇ ತಿಳಿಯಿರಿ. ಅದೇ ಮಾದರಿಯ ಕಾರುಗಳಲ್ಲಿ, ಸರ್ವಿಸ್ ಮಾಡಿಸಿದ ಬಿಲ್ಲುಗಳ ಕಟ್ಟನ್ನು ಜೋಪಾನವಾಗಿ ಇಟ್ಟುಕೊಂಡಿರುವವರ ಕಾರನ್ನು ಹುಡುಕಿ. ಹೆಚ್ಚು ಹಣ ಕೊಟ್ಟರೂ ಎರಡನೆಯ ವರ್ಷದ ಹೊತ್ತಿಗೆ ಅದೇ ಅಗ್ಗವಾಗಿರುತ್ತದೆ.

ಇನ್ನು ಕಡಿಮೆ ಓಡಿದ್ದು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹೆಚ್ಚಿನವರು ಮೋಸಹೋಗುವುದು ಇಲ್ಲಿಯೇ. ಹಳೆಯ ಕಾರೆಂದರೆ ಎಲ್ಲರಿಗೂ ಎಂಜಿನ್ನಿನ ಚಿಂತೆ. ಆ ಕಾಲದ ದೊಡ್ಡ ಎಂಜಿನ್ನುಗಳು ಒಳ್ಳೆಯ ಆಯಿಲ್ ಸಿಕ್ಕರೆ ಲಕ್ಷಗಟ್ಟಲೆ ಕಿಲೋಮೀಟರ್ ಓಡುತ್ತವೆ. ಕಾರನ್ನು ದಾರಿಯಲ್ಲಿ ನಿಲ್ಲಿಸುವುದು ಹೆಚ್ಚಾಗಿ ರಬ್ಬರು ಮತ್ತು ಪ್ಲಾಸ್ಟಿಕ್. ಪೆಟ್ರೋಲ್ ಪೈಪು, ಎಂಜಿನ್ ತಣಿಸುವ ಕೂಲಂಟ್ ದ್ರವದ ಹೋಸು, ಎಂಜಿನ್ ಮೌಂಟು, ಸಸ್ಪೆನ್ಷನ್ ಬುಷ್ಷು, ಆಯಿಲ್ ಸೀಲು, ರೇಡಿಯೇಟರಿನ ಪ್ಲಾಸ್ಟಿಕ್ ಮೂತಿ: ಇವುಗಳಿಗೆ ಕಿಲೋಮೀಟರಿನ ಲೆಕ್ಕ ಗೊತ್ತಿಲ್ಲ, ಕಾರು ನಿಂತಿದ್ದರೂ ಮುಪ್ಪಾಗುತ್ತವೆ. ಟೈರೂ ಹಾಗೆಯೇ. ಅದರ ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿಗಳನ್ನು ನೋಡಿ; ಮೊದಲ ಎರಡು ವಾರವನ್ನು, ಕೊನೆಯ ಎರಡು ವರ್ಷವನ್ನು ಹೇಳುತ್ತವೆ. 2309 ಎಂದಿದ್ದರೆ ಅದು 2009ರ ಇಪ್ಪತ್ತಮೂರನೇ ವಾರದ ಟೈರು. ಟೈರಿನ ಗೀರುಗಳು ಹೊಸದರಂತೆ ಆಳವಾಗಿದ್ದರೂ ಅದರ ಮೇಲೆ ಹೆದ್ದಾರಿಗೆ ಹೋಗಬೇಡಿ.

ನಾನು ಕೊಂಡ ಕಾರು ಎಂಟು ವರ್ಷ ಶೆಡ್ಡಿನಲ್ಲಿ ನಿಂತಿತ್ತು. ಓಡಿದ್ದು ಅರವತ್ತು ಸಾವಿರ ಕಿಲೋಮೀಟರ್ ಮಾತ್ರ. ಸೀಟಿನ ಚರ್ಮದ ವಾಸನೆಗೇ ನಾನು ಸೋತುಹೋಗಿದ್ದೆ. ಮೊದಲ ಆರು ತಿಂಗಳಲ್ಲಿ ಪೆಟ್ರೋಲ್ ಪೈಪು ಬಿರುಕುಬಿಟ್ಟು ಸೋರಿತು, ವಾಟರ್ ಪಂಪಿನ ಸೀಲು ಹೋಯಿತು, ಹಿಂದಿನ ಬ್ರೇಕ್ ಕ್ಯಾಲಿಪರ್ ತುಕ್ಕು ಹಿಡಿದು ಕಚ್ಚಿಕೊಂಡಿತು. ಮುಂದಿನ ಮೂರು ವರ್ಷ, ದಿನವೂ ಓಡಿಸಿದಾಗ, ಒಮ್ಮೆಯೂ ಕೈಕೊಡಲಿಲ್ಲ. ಓಡುತ್ತಿರುವ ಕಾರಿನಲ್ಲಿ ಆಯಿಲ್ ಹರಿದು ಸೀಲುಗಳು ಒಣಗುವುದಿಲ್ಲ, ಬ್ಯಾಟರಿ ತುಂಬಿರುತ್ತದೆ, ಬ್ರೇಕ್ ಡಿಸ್ಕಿನ ಮೇಲಿನ ತುಕ್ಕು ಉಜ್ಜಿಹೋಗುತ್ತದೆ, ಟ್ಯಾಂಕಿನಲ್ಲಿ ಪೆಟ್ರೋಲ್ ಕೆಡುವುದಿಲ್ಲ. ಆದ್ದರಿಂದ ದಿನವೂ ಓಡಿಸುವ ನಿಮ್ಮ ಆಸೆ ಕಾರಿಗೂ ಒಳ್ಳೆಯದೇ. ಕಚೇರಿ ಎರಡು ಮೂರು ಕಿಲೋಮೀಟರಿನಷ್ಟು ಹತ್ತಿರವಿದ್ದರೆ ಮಾತ್ರ ತೊಂದರೆ: ಎಂಜಿನ್ ಪೂರ್ತಿ ಕಾಯುವ ಮೊದಲೇ ಆರಿಸಿದರೆ ಒಳಗಿನ ತೇವವೂ ಉರಿಯದ ಪೆಟ್ರೋಲೂ ಆಯಿಲಿಗೆ ಸೇರುತ್ತವೆ. ಹಾಗಿದ್ದರೆ ವಾರಕ್ಕೊಮ್ಮೆ ಅರ್ಧ ಗಂಟೆ ದೂರ ಓಡಿಸಿಕೊಂಡು ಬನ್ನಿ.

ಗ್ರೀಸ್ ದೇಶದ ಟ್ಯಾಕ್ಸಿ ಚಾಲಕರೊಬ್ಬರು 1976ರ ಮರ್ಸಿಡಿಸ್ 240 ಡಿ ಕಾರನ್ನು ಓಡಿಸುತ್ತಲೇ ಇದ್ದು, 46 ಲಕ್ಷ ಕಿಲೋಮೀಟರ್ ದಾಟಿಸಿ, 2004ರಲ್ಲಿ ಕಂಪನಿಯ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿದರು. ಅಷ್ಟು ದೂರ ಒಂದೇ ಎಂಜಿನ್ನಿನಲ್ಲಿ ಹೋದದ್ದಲ್ಲ. ಎಂಜಿನ್ನನ್ನು ಮತ್ತೆ ಮತ್ತೆ ಬದಲಿಸಿಯೇ ಅವರು ಆ ಕಾರನ್ನು ಉಳಿಸಿಕೊಂಡರು. ಹಳೆಯ ಕಾರನ್ನು ದಿನಬಳಕೆಗೆ ಇಟ್ಟುಕೊಳ್ಳುವವರು ಕಲಿಯಬೇಕಾದ ಅಭ್ಯಾಸ ಅದೇ: ಕೆಡುವವರೆಗೆ ಕಾಯದೆ, ಕೆಡುವ ವಯಸ್ಸು ಬಂದದ್ದನ್ನು ಬದಲಿಸುವುದು. ಕಾರಿನ ಬೆಲೆಯ ಜೊತೆಗೆ ಮೊದಲ ವರ್ಷದ ಈ ಕೆಲಸಕ್ಕೆಂದೇ ಹಣ ತೆಗೆದಿಡಿ. ಪೈಪು, ಬೆಲ್ಟು, ಥರ್ಮೋಸ್ಟಾಟ್, ವಾಟರ್ ಪಂಪ್, ಟೈರು, ಬ್ರೇಕ್ ಆಯಿಲ್ ಎಲ್ಲವನ್ನೂ ಒಂದೇ ಸಲ ಹೊಸದು ಮಾಡಿಸಿ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಕೂಲಂಟ್ ವಿಚಾರದಲ್ಲಂತೂ ಸೋಮಾರಿತನ ಬೇಡ. ಅಲ್ಯೂಮಿನಿಯಂ ಹೆಡ್ಡಿನ (ಸಿಲಿಂಡರುಗಳ ಮೇಲಿನ ಮುಚ್ಚಳದ) ಎಂಜಿನ್ ಒಂದೇ ಒಂದು ಸಲ ಅತಿಯಾಗಿ ಕಾದರೂ ಹೆಡ್ಡು ಬಾಗಬಹುದು, ಅದರಡಿಯ ಗ್ಯಾಸ್ಕೆಟ್ ಪದರ ಹೋಗಬಹುದು. ಟೆಂಪರೇಚರ್ ಮುಳ್ಳು ಏರುವುದು ಕಂಡೊಡನೆ ಎಲ್ಲಿದ್ದರೂ ಪಕ್ಕಕ್ಕೆ ನಿಲ್ಲಿಸಿ.

ಯಾವ ಕಾರು ಎಂಬುದೂ ಮುಖ್ಯ. ಅಂದಗಾರ ಜಾಗ್ವಾರ್ ಎಕ್ಸ್‌ಜೆಯ ಮೇಲೆ ನನಗೂ ಮನಸ್ಸಿದೆ. ಆದರೂ ಇದೇ ನಿಮ್ಮ ಮೊದಲ ಹಳೆಯ ಕಾರಾದರೆ 1976ರಿಂದ ಸುಮಾರು ಹತ್ತು ವರ್ಷ ತಯಾರಾದ ಮರ್ಸಿಡಿಸ್ ಡಬ್ಲ್ಯೂ 123ರಂಥದ್ದನ್ನು ನೋಡಿ. ಎಲ್ಲ ಬಗೆಗಳೂ ಸೇರಿ ಸುಮಾರು 27 ಲಕ್ಷ ಕಾರುಗಳು ಹೊರಬಂದ ಕಾರಣ ಬಿಡಿಭಾಗ ಹುಡುಕುವುದು ಕಷ್ಟವಲ್ಲ. ಕಂಪ್ಯೂಟರಿನ ಹಂಗೂ ಇಲ್ಲವೆನ್ನುವಷ್ಟು ಕಡಿಮೆ. 1989ರಲ್ಲಿ ಬಂದ ಲೆಕ್ಸಸ್ ಎಲ್‌ಎಸ್ 400 ಕೂಡ ತಾಳಿಕೆಗೆ ಹೆಸರಾದದ್ದು. ಹೊಸದಾದಷ್ಟೂ ನಿಶ್ಚಿಂತೆ ಎಂದು ಮಾತ್ರ ಭಾವಿಸಬೇಡಿ. 1990ರ ದಶಕದ ಮೊದಲರ್ಧದ ಹಲವು ಮರ್ಸಿಡಿಸ್ ಕಾರುಗಳಲ್ಲಿ ಎಂಜಿನ್ ವೈರಿಂಗಿನ ಹೊದಿಕೆ ಬಿಸಿಗೆ ಪುಡಿಪುಡಿಯಾಗಿ ಉದುರುತ್ತದೆ. ಅಂಥದ್ದನ್ನು ಕೊಳ್ಳುವುದಾದರೆ ವೈರಿಂಗ್ ಬದಲಿಸಿದ ಬಿಲ್ಲು ಕೇಳಿ.

ಎ.ಸಿ. ಬಗ್ಗೆ ಒಂದು ಮಾತು: 1990ರ ದಶಕದ ಆರಂಭದವರೆಗಿನ ಕಾರುಗಳಲ್ಲಿ ತಂಪು ಮಾಡಲು ಸಾಮಾನ್ಯವಾಗಿ ಆರ್-12 ಅನಿಲವಿರುತ್ತಿತ್ತು. ಓಝೋನ್ ಪದರ ಉಳಿಸಲು 1987ರಲ್ಲಿ ಆದ ಮಾಂಟ್ರಿಯಲ್ ಒಪ್ಪಂದದಿಂದ ಅದರ ತಯಾರಿಕೆ ನಿಂತಿತು. ಆರ್-134ಎ ಅನಿಲಕ್ಕೆ ಬದಲಿಸಿದ್ದಾರೆಯೇ ಎಂದು ವಿಚಾರಿಸಿ.

ಸುರಕ್ಷತೆಯ ಬಗ್ಗೆ ಮರೆಮಾಚದೆ ಹೇಳುತ್ತೇನೆ. ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ನೋಡುವ ಎಬಿಎಸ್ 1978ರಲ್ಲಿ, ಚಾಲಕನ ಏರ್‌ಬ್ಯಾಗ್ 1981ರಲ್ಲಿ ಮರ್ಸಿಡಿಸ್ ಎಸ್ ಕ್ಲಾಸ್‌ಗೆ ಬಂದದ್ದು ನಿಜ. ಹಾಗೆಂದು ಬಾಗಿಲು ಗಟ್ಟಿಯಾಗಿ ಮುಚ್ಚುವ ಸದ್ದು ಕೇಳಿ ಈ ಕಾರು ಇಂದಿನ ಕಾರಿನಷ್ಟೇ ಕಾಯುತ್ತದೆ ಎಂದುಕೊಳ್ಳಬಾರದು. ಅಪಘಾತದಲ್ಲಿ ಒಳಗಿರುವವರನ್ನು ಉಳಿಸುವ ವಿದ್ಯೆ ಅಂದಿನಿಂದ ಬಹುದೂರ ಬಂದಿದೆ. ಮಕ್ಕಳನ್ನು ದಿನವೂ ಹೆದ್ದಾರಿಯಲ್ಲಿ ಕರೆದೊಯ್ಯಬೇಕಿದ್ದರೆ ಬೇರೆ ಕಾರು ನೋಡಿ ಎಂದೇ ಹೇಳುತ್ತೇನೆ.

ಮನೆಯಲ್ಲಿ ಇನ್ನೊಂದು ವಾಹನವಾಗಲಿ ಹತ್ತಿರದಲ್ಲಿ ಬಸ್ಸಾಗಲಿ ಇರಬೇಕು. ಕಾರು ಕೆಡುತ್ತಲೇ ಇರುತ್ತದೆಂದಲ್ಲ. ಕೆಟ್ಟಾಗ ಭಾಗ ಬರಲು ಎರಡು ವಾರ ಹಿಡಿಯಬಹುದು. ಆ ಎರಡು ವಾರದ ಆತುರಕ್ಕೆ ಸಿಕ್ಕಿದ ಭಾಗ ಹಾಕಿಸಿಯೇ ಎಷ್ಟೋ ಒಳ್ಳೆಯ ಕಾರುಗಳು ಹಾಳಾಗಿವೆ.

ನೀವು ನೋಡಿರುವ ಕಾರಿನ ಮಾಲೀಕರಿಗೆ ಇಂದೇ ಫೋನ್ ಮಾಡಿ, ಬೆಳಿಗ್ಗೆ ಬರುತ್ತೇನೆ, ಅಲ್ಲಿಯವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಕೇಳಿಕೊಳ್ಳಿ. ಹೋದೊಡನೆ ಬಾನೆಟ್ ಮೇಲೆ ಕೈ ಇಟ್ಟು ನೋಡಿ. ತಣ್ಣಗಿದ್ದರೆ ಸ್ಟಾರ್ಟ್ ಮಾಡಿಸಿ ಹೊಗೆಯ ಬಣ್ಣ ನೋಡಿ, ಸದ್ದು ಕೇಳಿ. ಬೆಚ್ಚಗಿದ್ದರೆ ಇನ್ನೊಂದು ದಿನ ಹೋಗಿ.