ಗೇರ್ ಇರೋದು ಕಾಲಿಗಷ್ಟೇ ಅಲ್ಲ

ಹಾಲಿನ ಕ್ಯಾನ್ ಕಟ್ಟಿಕೊಂಡು ಹಳೇ ಕರಿ ಸೈಕಲ್ಲಿನಲ್ಲಿ ಏರು ಹತ್ತುವವರನ್ನು ನೋಡಿದ್ದೀರಾ? ಅವರು ನೇರ ಹತ್ತುವುದಿಲ್ಲ. ರಸ್ತೆಯ ಈ ಅಂಚಿನಿಂದ ಆ ಅಂಚಿಗೆ, ಅಲ್ಲಿಂದ ಮತ್ತೆ ಈ ಅಂಚಿಗೆ, ಹಾವಿನ ಹಾಗೆ ಹೊರಳುತ್ತಾ ಹೋಗುತ್ತಾರೆ. ಆ ಸೈಕಲ್ಲಿಗೆ ಇರುವುದು ಒಂದೇ ಗೇರ್. ಅದನ್ನು ಬದಲಾಯಿಸಲು ಆಗದ್ದಕ್ಕೆ ಏರನ್ನೇ ಬದಲಾಯಿಸಿಕೊಳ್ಳುತ್ತಾರೆ. ಅಡ್ಡಡ್ಡ ಹೋದರೆ ದಾರಿ ಉದ್ದವಾಗುತ್ತದೆ, ಏರು ಸಪಾಟಾಗುತ್ತದೆ. ಒಂದೊಂದು ತುಳಿತಕ್ಕೆ ಬೇಕಾದ ಬಲ ಕಮ್ಮಿ, ತುಳಿಯುವ ಸಲ ಜಾಸ್ತಿ. ಗೇರ್ ಮಾಡುವ ಕೆಲಸವೂ ಇಷ್ಟೇ.

ನಾನು ಎಲೆಕ್ಟ್ರಿಕ್ ಸೈಕಲ್ ತೆಗೆದುಕೊಂಡಾಗ ಇದನ್ನೆಲ್ಲ ಮರೆತೇಬಿಟ್ಟಿದ್ದೆ. ಮೋಟಾರ್ ಇದೆಯಲ್ಲ, ಇನ್ನು ಗೇರ್ ಯಾಕೆ ಅಂದುಕೊಂಡೆ. ನನ್ನದು ಮಿಡ್-ಡ್ರೈವ್. ಅಂದರೆ ಮೋಟಾರ್ ಇರುವುದು ಚಕ್ರದಲ್ಲಲ್ಲ, ಎರಡು ಪೆಡಲ್‌ಗಳ ನಡುವೆ. ಮುಂದೆ 42 ಹಲ್ಲಿನ ಒಂದು ಚೈನ್‌ರಿಂಗ್, ಅಂದರೆ ಪೆಡಲ್ ಜೊತೆ ತಿರುಗುವ ಹಲ್ಲಿನ ಚಕ್ರ. ಹಿಂದೆ 11 ಹಲ್ಲಿನಿಂದ 34 ಹಲ್ಲಿನವರೆಗೆ ಒಂಬತ್ತು ಗೇರ್ ಚಕ್ರಗಳು. ಹಿಂದಿನದು ದೊಡ್ಡದಾದಷ್ಟೂ ತುಳಿತ ಹಗುರ. ಸಪಾಟು ರಸ್ತೆಯಲ್ಲಿ ನಡುವಿನ 17 ಹಲ್ಲಿನ ಚಕ್ರಕ್ಕೆ ಹಾಕಿ ಅದರಲ್ಲೇ ಇದ್ದುಬಿಡುತ್ತಿದ್ದೆ. ಒಂದು ಬೆಳಿಗ್ಗೆ ಹಾಗೆಯೇ ಚಾಮುಂಡಿ ಬೆಟ್ಟ ಹತ್ತಲು ಹೊರಟೆ.

ಅರ್ಧ ದಾರಿ ಚೆನ್ನಾಗಿಯೇ ಆಯಿತು. ಆಮೇಲೆ ಯಾರೋ ಹಿಂದಿನಿಂದ ಹಿಡಿದು ಎಳೆದ ಹಾಗೆ ಸೈಕಲ್ ಭಾರವಾಯಿತು. ಇಳಿದೆ. ಬಗ್ಗಿ ಮೋಟಾರಿನ ಮೇಲೆ ಕೈ ಇಟ್ಟೆ, ಕಾದ ದೋಸೆ ಹಂಚು ಮುಟ್ಟಿದವನ ಹಾಗೆ ತಟ್ಟನೆ ತೆಗೆದೆ. ಸುಟ್ಟುಹೋಗಬಾರದು ಅಂತ ಮೋಟಾರ್ ತಾನೇ ಶಕ್ತಿ ಇಳಿಸಿಕೊಂಡಿತ್ತು. ಕೆಳಗೆ ಲಲಿತಮಹಲ್ ಅರಮನೆ ಬೆಳ್ಳಗೆ ಕಾಣುತ್ತಿತ್ತು. ಅದನ್ನು ನೋಡುತ್ತಾ ಇಪ್ಪತ್ತು ನಿಮಿಷ ಕಟ್ಟೆಯ ಮೇಲೆ ಕೂತೆ. ಮೋಟಾರ್ ಇದ್ದರೂ ಗೇರ್ ಯಾಕೆ ಬೇಕು ಅಂತ ಆ ಇಪ್ಪತ್ತು ನಿಮಿಷದಲ್ಲಿ ಹುಟ್ಟಿದ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಇಲ್ಲಿದೆ.

ಮೊದಲು ಎರಡು ಬಗೆಯ ಮೋಟಾರುಗಳ ವ್ಯತ್ಯಾಸ. ಹಬ್ ಮೋಟಾರ್ ಚಕ್ರದ ನಡುವೆಯೇ ಕೂರುತ್ತದೆ. ಚಕ್ರ ಎಷ್ಟು ವೇಗವಾಗಿ ತಿರುಗುತ್ತದೋ ಅದಕ್ಕೆ ತಕ್ಕಂತೆಯೇ ಮೋಟಾರೂ ತಿರುಗಬೇಕು. ನೀವು ಗೇರ್ ಬದಲಾಯಿಸಿದರೂ ಅದಕ್ಕೆ ಗೊತ್ತೇ ಆಗುವುದಿಲ್ಲ. ಮಿಡ್-ಡ್ರೈವ್ ಮೋಟಾರ್ ನಿಮ್ಮ ಕಾಲಿನ ಜೊತೆ ಸೇರಿ ಅದೇ ಚೈನ್ ಎಳೆಯುತ್ತದೆ. ನಿಮ್ಮ ಕಾಲಿಗೆ ಸಿಗುವ ಗೇರ್ ಅದಕ್ಕೂ ಸಿಗುತ್ತದೆ. ಎರಡೂ ಹೊಸ ಯೋಚನೆಗಳಲ್ಲ. ಅಮೆರಿಕದ ಆಗ್ಡನ್ ಬೋಲ್ಟನ್ ಹಿಂದಿನ ಚಕ್ರದೊಳಗಿನ ಮೋಟಾರಿಗೆ ಪೇಟೆಂಟ್ ಪಡೆದದ್ದು 1895ರಲ್ಲಿ. ಬಾಸ್ಟನ್ನಿನ ಹೋಸಿಯಾ ಲಿಬ್ಬಿ ಪೆಡಲ್‌ಗಳ ನಡುವೆ ಮೋಟಾರ್ ಕೂರಿಸುವ ಪೇಟೆಂಟ್ ಪಡೆದದ್ದು 1897ರಲ್ಲಿ. ಆದರೆ ತುಳಿದಷ್ಟು ಜೊತೆಗೂಡುವ ಮಿಡ್-ಡ್ರೈವ್ ಸೈಕಲ್ ಅಂಗಡಿಗೆ ಬರಲು 1993ರವರೆಗೆ ಕಾಯಬೇಕಾಯಿತು. ಅದು ಜಪಾನಿನಲ್ಲಿ ಯಮಾಹಾ ತಂದ ಪಾಸ್ ಎಂಬ ಸೈಕಲ್.

ಈಗ ಮೋಟಾರ್ ಯಾಕೆ ಬಿಸಿಯಾಯಿತು ಅನ್ನೋದು. ಇದಕ್ಕೆ ಅಡುಗೆಮನೆಗೆ ಹೋಗೋಣ. ಮಿಕ್ಸಿಯಲ್ಲಿ ಗಟ್ಟಿ ಚಟ್ನಿ ಸಿಕ್ಕಿಹಾಕಿಕೊಂಡು ಬ್ಲೇಡ್ ನಿಂತರೆ ಏನಾಗುತ್ತದೆ? ಗುಂಯ್ ಅನ್ನುತ್ತದೆ, ಸುಟ್ಟ ವಾಸನೆ ಬರುತ್ತದೆ, ಆಮೇಲೆ ಅಡಿಯಲ್ಲಿರುವ ಕೆಂಪು ಗುಂಡಿ ಹೊರಗೆ ಬಂದು ಮಿಕ್ಸಿ ಆಫ್ ಆಗುತ್ತದೆ. ಚಟ್ನಿ ಒಂಚೂರೂ ನುಣ್ಣಗಾಗಿರುವುದಿಲ್ಲ, ಆದರೂ ಕರೆಂಟ್ ಸಿಕ್ಕಾಪಟ್ಟೆ ಹರಿದಿರುತ್ತದೆ.

ಕಾರಣ ಇದು. ತಿರುಗುತ್ತಿರುವ ಮೋಟಾರ್ ಮೋಟಾರ್ ಮಾತ್ರ ಅಲ್ಲ, ಅದೇ ಹೊತ್ತಿಗೆ ಡೈನಮೋ ಕೂಡ. ತಿರುಗುತ್ತಾ ಅದು ತನ್ನೊಳಗೇ ಒಂದು ವೋಲ್ಟೇಜ್ ಹುಟ್ಟಿಸುತ್ತದೆ. ಅದು ಹೊರಗಿನಿಂದ ಬರುವ ವೋಲ್ಟೇಜ್‌ಗೆ ಎದುರಾಗಿ ನಿಲ್ಲುತ್ತದೆ. ವೇಗ ಹೆಚ್ಚಿದಷ್ಟೂ ಎದುರು ವೋಲ್ಟೇಜ್ ಹೆಚ್ಚು. ಈ ಎದುರಿನ ವಿರುದ್ಧ ಕರೆಂಟ್ ತಳ್ಳಲು ಖರ್ಚಾಗುವ ಶಕ್ತಿಯೇ ಚಕ್ರ ತಿರುಗಿಸುವ ಕೆಲಸವಾಗಿ ಹೊರಗೆ ಬರುತ್ತದೆ. ತಾಮ್ರದ ಸುರುಳಿಯ ತಡೆಯನ್ನು ದಾಟಲು ಖರ್ಚಾಗುವುದು ಬರೀ ಬಿಸಿ. ಮೋಟಾರ್ ನಿಧಾನವಾದರೆ ಎದುರು ವೋಲ್ಟೇಜ್ ಬೀಳುತ್ತದೆ, ಬಿಸಿಯ ಪಾಲು ಏರುತ್ತದೆ. ಪೂರ್ತಿ ನಿಂತರೆ ಒಳಗೆ ಹೋದದ್ದೆಲ್ಲವೂ ಬಿಸಿಯೇ, ನಿಂತ ಮಿಕ್ಸಿಯ ಹಾಗೆ.

ಇನ್ನೊಂದು ಮಾತು ಸೇರಿಸಬೇಕು, ಅಸಲಿ ವಿಷಯ ಇರುವುದು ಅದರಲ್ಲಿ. ಮೋಟಾರಿನ ತಿರುಚುವ ಬಲ ಕರೆಂಟಿಗೆ ತಕ್ಕಂತೆ ಏರುತ್ತದೆ. ಬಲ ಎರಡರಷ್ಟು ಬೇಕಾದರೆ ಕರೆಂಟೂ ಎರಡರಷ್ಟು. ಆದರೆ ತಾಮ್ರದ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕರೆಂಟ್ ಎರಡರಷ್ಟಾದರೆ ಬಿಸಿ ನಾಲ್ಕರಷ್ಟು.

ಇದನ್ನು ಬೆಟ್ಟದ ಮೇಲೆ ಇಟ್ಟು ಲೆಕ್ಕ ಹಾಕೋಣ. ನಾನು ಮತ್ತು ಸೈಕಲ್ ಸೇರಿ 100 ಕೆ.ಜಿ. ಏರು ನೂರು ಮೀಟರಿಗೆ 8 ಮೀಟರ್, ವೇಗ ಗಂಟೆಗೆ 12 ಕಿಲೋಮೀಟರ್. ಇದಕ್ಕೆ ಸುಮಾರು 290 ವಾಟ್ ಬೇಕು. ನನ್ನ ಕಾಲು 90 ವಾಟ್ ಕೊಟ್ಟರೆ ಉಳಿದ 200 ಮೋಟಾರಿನದು. 34 ಹಲ್ಲಿನ ಚಕ್ರದಲ್ಲಿ ಹೋದರೆ ಪೆಡಲ್ ನಿಮಿಷಕ್ಕೆ 77 ಸುತ್ತು ತಿರುಗುತ್ತದೆ. 17 ಹಲ್ಲಿನದರಲ್ಲಿ ಸರಿಯಾಗಿ ಅರ್ಧ, 38 ಸುತ್ತು ಚಿಲ್ಲರೆ. ಬೆಟ್ಟ ಕೇಳುವ ಶಕ್ತಿ ಎರಡರಲ್ಲೂ ಒಂದೇ. ಆದರೆ ಅರ್ಧ ವೇಗದಲ್ಲಿ ಅಷ್ಟೇ ಶಕ್ತಿ ಕೊಡಲು ಮೋಟಾರ್ ಎರಡರಷ್ಟು ಬಲ ಹಾಕಬೇಕು. 34 ಹಲ್ಲಿನಲ್ಲಿ 40 ವಾಟ್ ಬಿಸಿಯಾಗಿ ಹೋಗುತ್ತಿತ್ತು ಎಂದಿಟ್ಟುಕೊಳ್ಳಿ. 17ರಲ್ಲಿ ಅದು 160 ವಾಟ್. ರೇಡಿಯೋ ರಿಪೇರಿಯವರ 25 ವಾಟಿನ ಸೋಲ್ಡರಿಂಗ್ ಐರನ್ ಆರನ್ನು ಒಂದೇ ಡಬ್ಬಿಯೊಳಗೆ ಹಚ್ಚಿಟ್ಟು ಮುಚ್ಚಳ ಹಾಕಿದ ಹಾಗೆ.

250 ಮೀಟರ್ ಎತ್ತರ ಹತ್ತಲು ಈ ವೇಗದಲ್ಲಿ ಹದಿನೈದು ನಿಮಿಷ ದಾಟುತ್ತದೆ. ಮೋಟಾರಿನ ತೂಕ 4 ಕೆ.ಜಿ. ಎಂದು ಹಿಡಿಯಿರಿ. ಬಿಸಿ ಒಂದಿಷ್ಟೂ ಗಾಳಿಗೆ ಹೋಗದಿದ್ದರೆ ಅಷ್ಟರಲ್ಲಿ ಅದು 75 ಡಿಗ್ರಿಯಷ್ಟು ಮೇಲೇರುತ್ತದೆ. 34 ಹಲ್ಲಿನಲ್ಲಾದರೆ 19 ಡಿಗ್ರಿ. ಗಾಳಿ ಒಂದಿಷ್ಟು ಬಿಸಿ ಒಯ್ಯುತ್ತದೆ ನಿಜ. ಆದರೆ ಏರಿನಲ್ಲಿ ನಾವು ಹೋಗುವುದೇ ನಿಧಾನ, ಬೀಸುವ ಗಾಳಿಯೂ ಕಮ್ಮಿ. ಒಳಗಿನ ಸುರುಳಿ ಹೊರಗಿನ ಕವಚಕ್ಕಿಂತ ಇನ್ನೂ ಬಿಸಿ. ಹಲವು ಮೋಟಾರುಗಳ ಒಳಗೆ ನೈಲಾನ್ ಗೇರ್ ಇರುತ್ತದೆ, ಅದು ಮೆತ್ತಗಾಗುತ್ತದೆ. ಸಾಮಾನ್ಯ ದರ್ಜೆಯ ನಿಯೋಡಿಮಿಯಂ ಅಯಸ್ಕಾಂತಗಳು 80 ಡಿಗ್ರಿ ದಾಟಿದರೆ ಬಲ ಕಳೆದುಕೊಳ್ಳಲು ಶುರುಮಾಡುತ್ತವೆ. ಹೋದ ಬಲ ಆಮೇಲೆ ತಣ್ಣಗಾದರೂ ಪೂರ್ತಿ ವಾಪಸ್ ಬರದಿರಬಹುದು.

ಬ್ಯಾಟರಿ ಕಡೆಯಿಂದ ನೋಡಿದರೆ 240 ವಾಟಿನ ಜಾಗದಲ್ಲಿ 360 ವಾಟ್. ಒಂದು ಬೆಟ್ಟಕ್ಕೆ 30 ವಾಟ್-ಅವರ್ ಸುಮ್ನೆ ಹೋಯಿತು. ಸಪಾಟು ರಸ್ತೆಯಲ್ಲಿ ಅದರಲ್ಲಿ ನಾಲ್ಕೈದು ಕಿಲೋಮೀಟರ್ ಆರಾಮಾಗಿ ಹೋಗಬಹುದಿತ್ತು.

ಹ್ಯಾಂಡಲಿನ ಮೇಲಿರುವ ಡಿಸ್‌ಪ್ಲೇ ಇದನ್ನು ಹೇಳುವುದಿಲ್ಲ. ಅವತ್ತು ನನಗೆ ಮೋಸವಾದದ್ದು ಅಲ್ಲಿಯೇ. ವಾಟ್ ಜಾಸ್ತಿ ತೋರಿಸುತ್ತಿದೆ, ಮೋಟಾರ್ ಭರ್ಜರಿಯಾಗಿ ಎಳೆಯುತ್ತಿದೆ ಅಂದುಕೊಂಡಿದ್ದೆ. ಅದು ತೋರಿಸುವುದು ಬ್ಯಾಟರಿಯಿಂದ ಹೊರಟದ್ದನ್ನು, ಚಕ್ರಕ್ಕೆ ತಲುಪಿದ್ದನ್ನಲ್ಲ. ನಿಧಾನ ವೇಗದಲ್ಲಿ ಇನ್ನೂ ಒಂದು ಸೂಕ್ಷ್ಮ ಇದೆ. ಬ್ಯಾಟರಿಗೂ ಮೋಟಾರಿಗೂ ನಡುವಿನ ಕಂಟ್ರೋಲರ್ ವೋಲ್ಟೇಜ್ ಇಳಿಸಿ ಕರೆಂಟ್ ಏರಿಸಿ ಕೊಡುತ್ತದೆ. ಬ್ಯಾಟರಿಯಿಂದ 10 ಆಂಪಿಯರ್ ಹೊರಟರೂ ಮೋಟಾರಿನ ತಂತಿಯಲ್ಲಿ ಅದರ ಎರಡರಷ್ಟು ಹರಿಯುತ್ತಿರಬಹುದು. ಸುರುಳಿಯನ್ನು ಕಾಯಿಸುವುದು ಈ ಎರಡನೆಯ ಕರೆಂಟ್. ಅದನ್ನು ತೋರಿಸುವ ಡಿಸ್‌ಪ್ಲೇ ನನ್ನ ಸೈಕಲ್ಲಿನಲ್ಲಿಲ್ಲ.

ಆದರೆ ಅದಕ್ಕಿಂತ ಒಳ್ಳೆಯ ಮೀಟರ್ ಎಲ್ಲರ ಹತ್ತಿರವೂ ಇದೆ, ನಮ್ಮ ಕಾಲು. ತುಳಿಯುತ್ತಾ ಹೋಗುವಾಗ ಮೋಟಾರಿನ ವೇಗ ಕಾಲಿನ ವೇಗಕ್ಕೆ ಕಟ್ಟಿಕೊಂಡಿರುತ್ತದೆ. ಕಾಲು ತಿಣುಕುತ್ತಿದ್ದರೆ ಮೋಟಾರೂ ತಿಣುಕುತ್ತಿದೆ. ಕಾಲು ಸಲೀಸಾಗಿ, ಸೆಕೆಂಡಿಗೆ ಒಂದು ಸುತ್ತಿಗಿಂತ ಸ್ವಲ್ಪ ಜಾಸ್ತಿ ತಿರುಗುತ್ತಿದ್ದರೆ ಮೋಟಾರೂ ಸುಖವಾಗಿದೆ. ಮನುಷ್ಯನ ಕಾಲಿಗೂ ತಾಮ್ರದ ಸುರುಳಿಗೂ ಹಿಡಿಸುವ ವೇಗ ಇಷ್ಟು ಹತ್ತಿರ ಇರುವುದು ಕಾಕತಾಳೀಯ ಅಲ್ಲ. ಆ ಥರ ಹೊಂದುವ ಹಾಗೆ ಮೋಟಾರಿನೊಳಗೇ ವೇಗ ಇಳಿಸುವ ಗೇರ್ ಜೋಡಿಸಿರುತ್ತಾರೆ.

ಹಾಗಾದರೆ ದಾರಿಯುದ್ದಕ್ಕೂ ಟಿಕ್ ಟಿಕ್ ಅಂತ ಗೇರ್ ಬದಲಾಯಿಸುತ್ತಲೇ ಇರಬೇಕಾ? ಬೇಡ. ಯಾಕೆ ಅನ್ನುವುದಕ್ಕೂ ಅದೇ ವರ್ಗದ ಲೆಕ್ಕವೇ ಸಾಕು, ಈ ಸಲ ಅದು ನಮ್ಮ ಕಡೆಗಿದೆ. ಸಪಾಟು ರಸ್ತೆಯಲ್ಲಿ ಗಂಟೆಗೆ 20 ಕಿಲೋಮೀಟರ್ ಹೋಗಲು ಒಟ್ಟು 100 ವಾಟ್ ಸಾಕು. ಅದರಲ್ಲಿ 70 ನೀವೇ ಕೊಟ್ಟರೆ ಮೋಟಾರಿನ ಪಾಲು ಮೂವತ್ತು. 20 ಹಲ್ಲಿನ ಚಕ್ರದಲ್ಲಿ ಹೋದರೆ ತಾಮ್ರದಲ್ಲಿ ಒಂದು ವಾಟ್ ಬಿಸಿ. 11 ಹಲ್ಲಿಗೆ ಹಾಕಿ ನಿಧಾನ ತುಳಿದರೆ ಮೂರು ವಾಟ್. ಎರಡು ವಾಟಿನ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ನಿಮ್ಮ ಮಂಡಿ ಬೇರೆ ಮಾತು ಹೇಳಬಹುದು, ಅದರ ಮಾತು ಕೇಳಿ. ಮೋಟಾರಂತೂ ಏನೂ ಹೇಳುವುದಿಲ್ಲ.

ಹಾಗಾಗಿ ನನ್ನ ಒಂಬತ್ತು ಗೇರ್‌ಗಳಲ್ಲಿ ನಾನು ನಿಜವಾಗಿ ಬಳಸುವುದು ಮೂರೋ ನಾಲ್ಕೋ. ಸಪಾಟಿಗೆ ಒಂದು, ಫ್ಲೈಓವರ್ ಥರದ ಸಣ್ಣ ಏರಿಗೆ ಒಂದು, ಬೆಟ್ಟಕ್ಕೆ ಕೊನೆಯ ದೊಡ್ಡ ಚಕ್ರ. ನಡುವಿನವನ್ನು ಹಾರಿಸಿಕೊಂಡು ಹೋಗುತ್ತೇನೆ. ಸೈಕಲ್ ಓಟಗಾರರಿಗೆ ಒಂದೊಂದು ಹಲ್ಲೂ ಮುಖ್ಯ, ಅವರಿಗೆ ಇರುವುದು ಕಾಲು ಮಾತ್ರ. ಮೋಟಾರ್ ಇದ್ದಾಗ ಆ ಸಣ್ಣ ಸಂದುಗಳನ್ನು ಅದೇ ತುಂಬಿಕೊಡುತ್ತದೆ. ಭಾರತದಲ್ಲಿ ನೋಂದಣಿ, ಲೈಸೆನ್ಸ್ ಇಲ್ಲದೆ ಓಡಿಸಬಹುದಾದ ಸೈಕಲ್ಲಿಗೆ 250 ವಾಟ್, ಗಂಟೆಗೆ 25 ಕಿಲೋಮೀಟರ್ ಮಿತಿ ಇದೆ. ಯುರೋಪಿನಲ್ಲೂ ಇದೇ ಅಂಕಿ. ಇಷ್ಟು ಚಿಕ್ಕ ಮೋಟಾರ್ 100 ಕೆ.ಜಿ.ಯನ್ನು ಬೆಟ್ಟ ಹತ್ತಿಸಬೇಕಾದರೆ ಹಿಂದೆ ದೊಡ್ಡ ಗೇರ್ ಚಕ್ರ ಬೇಕೇ ಬೇಕು.

ಗೇರ್ ಇಳಿಸಿದರೆ ಚೈನ್‌ಗೂ ಲಾಭ. ಮೇಲಿನ ಅದೇ ಏರಿನಲ್ಲಿ 34 ಹಲ್ಲಿಗೆ ಹಾಕಿದಾಗ ಚೈನ್ ಮೇಲಿನ ಎಳೆತ ಸುಮಾರು 43 ಕೆ.ಜಿ. ತೂಕ ನೇತುಹಾಕಿದಷ್ಟು. 17ರಲ್ಲಿ 86 ಕೆ.ಜಿ. ಮಿಡ್-ಡ್ರೈವ್‌ನ ದೊಡ್ಡ ಕೊರತೆ ಇರುವುದು ಇಲ್ಲಿಯೇ. ಕಾಲಿಗಾಗಿ ಮಾಡಿದ ಚೈನ್ ಕಾಲು ಮತ್ತು ಮೋಟಾರ್ ಎರಡರ ಭಾರ ಹೊರುತ್ತದೆ, ಬೇಗ ಸವೆಯುತ್ತದೆ. ಸವೆತ ನೋಡಲು ಮಕ್ಕಳ ಸ್ಕೂಲ್ ಸ್ಕೇಲ್ ಸಾಕು. ಹೊಸ ಚೈನ್‌ನಲ್ಲಿ ಒಂದು ಪಿನ್ ಮೇಲೆ ಸೊನ್ನೆ ಇಟ್ಟರೆ, ಅದನ್ನು ಬಿಟ್ಟು ಎಣಿಸಿದಾಗ ಇಪ್ಪತ್ತನಾಲ್ಕನೆಯ ಪಿನ್ ಸರಿಯಾಗಿ 12 ಇಂಚಿನ ಗೆರೆಯ ಮೇಲೆ ಬರುತ್ತದೆ. ಅದು ಗೆರೆಯಿಂದ ಒಂದೂವರೆ ಮಿಲಿಮೀಟರ್ ಆಚೆ ಹೋಗಿದ್ದರೆ ಚೈನ್ ಬದಲಾಯಿಸುವ ಹೊತ್ತು. ಬಿಟ್ಟರೆ ಹಿಂದಿನ ಹಲ್ಲುಗಳನ್ನೂ ತಿನ್ನುತ್ತದೆ. ನನ್ನ 17 ಹಲ್ಲಿನ ಚಕ್ರವನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಿದೆ. ಪಕ್ಕದ ಚಕ್ರಗಳ ಹಲ್ಲು ಮೊಂಡಾಗಿ, ನೆಟ್ಟಗಿದ್ದವು. ಇದರ ಹಲ್ಲು ಮಾತ್ರ ಒಂದೇ ಕಡೆಗೆ ವಾಲಿ, ಅಲೆಯ ತುದಿಯ ಹಾಗೆ ಚೂಪಾಗಿತ್ತು.

ಹಬ್ ಮೋಟಾರಿಗೆ ಈ ಕಾಟ ಇಲ್ಲ. ಅದರ ಬಲ ಚೈನ್ ಮೂಲಕ ಹೋಗುವುದೇ ಇಲ್ಲ. ಒಳಗೆ ಗೇರ್ ಇಲ್ಲದ ಹಬ್ ಮೋಟಾರಿಗೆ ಬ್ರೇಕ್ ಹಾಕುವಾಗ ಒಂದಿಷ್ಟು ಕರೆಂಟ್ ವಾಪಸ್ ಕೊಡಲೂ ಬರುತ್ತದೆ. ಮಿಡ್-ಡ್ರೈವ್‌ನಲ್ಲಿ, ತುಳಿಯದಿದ್ದಾಗ ಚಕ್ರವನ್ನು ತನ್ನಷ್ಟಕ್ಕೆ ತಿರುಗಲು ಬಿಡುವ ಫ್ರೀವೀಲ್ ಅಡ್ಡ ಇರುವುದರಿಂದ ಅದು ಸಾಮಾನ್ಯವಾಗಿ ಆಗದು. ನಿಮ್ಮ ಊರು ಸಪಾಟಾಗಿದ್ದರೆ ಹಬ್ ಮೋಟಾರೇ ತೆಗೆದುಕೊಳ್ಳಿ, ಗೇರ್ ಚಿಂತೆಯೇ ಬೇಡ ಎಂದು ಧೈರ್ಯವಾಗಿ ಹೇಳುತ್ತೇನೆ. ಮಡಿಕೇರಿ, ಚಿಕ್ಕಮಗಳೂರಿನವರಾದರೆ ನನ್ನ ಓಟು ಮಿಡ್-ಡ್ರೈವ್‌ಗೆ.

ಗೇರ್ ಬದಲಾಯಿಸುವ ಗಳಿಗೆಯಲ್ಲಿ ಒಂದು ಎಚ್ಚರಿಕೆ ಬೇಕು. ಮೋಟಾರ್ ಪೂರ್ತಿ ಎಳೆಯುತ್ತಿರುವಾಗ ಲಿವರ್ ಒತ್ತಿದರೆ ಚೈನ್ ಕಟಾರ್ ಅಂತ ಹಾರುತ್ತದೆ. ಕೆಲವೊಮ್ಮೆ ತುಂಡಾಗುವುದೂ ಉಂಟು. ಲಿವರ್ ಒತ್ತುವ ಮುಂಚೆ ಅರ್ಧ ಸೆಕೆಂಡ್ ಕಾಲು ಸಡಿಲಿಸಿ, ಆದರೆ ತಿರುಗಿಸುವುದು ನಿಲ್ಲಿಸಬೇಡಿ. ಏರು ಶುರುವಾದ ಮೇಲಲ್ಲ, ಶುರುವಾಗುವ ಮುಂಚೆಯೇ. ಕೆಲವು ಸೈಕಲ್‌ಗಳಲ್ಲಿ ಗೇರ್ ಕೇಬಲ್ ಅಲುಗಿದ ತಕ್ಷಣ ಮೋಟಾರನ್ನು ಕ್ಷಣ ಮಾತ್ರ ನಿಲ್ಲಿಸುವ ಸೆನ್ಸರ್ ಇರುತ್ತದೆ. ಇಲ್ಲದಿದ್ದರೆ ಹಾಕಿಸಿಕೊಳ್ಳಿ, ಒಂದು ಚೈನ್ ಉಳಿದರೂ ಲಾಭವೇ.

ಊರೊಳಗೆ ಇದೆಲ್ಲ ಬೇಕಾಗುವುದು ಸಿಗ್ನಲ್ಲಿನಲ್ಲಿ. ನಿಂತ ಜಾಗದಿಂದ ಹೊರಡುವ ಮೊದಲ ಮೂರು ಸೆಕೆಂಡ್ ಮೋಟಾರಿಗೆ ಪುಟ್ಟ ಬೆಟ್ಟ ಇದ್ದ ಹಾಗೆ. ಕೆಂಪು ದೀಪ ದೂರದಲ್ಲಿ ಕಂಡಾಗಲೇ ಎರಡು ಮೂರು ಗೇರ್ ಇಳಿಸಿಕೊಂಡರೆ ಹಸಿರು ಬಂದಾಗ ಸೈಕಲ್ ಹೂವಿನ ಹಾಗೆ ಹೊರಡುತ್ತದೆ. ಮರೆತು 11 ಹಲ್ಲಿನಲ್ಲೇ ನಿಂತುಬಿಟ್ಟಿರಾ? ಮೊದಲು ಮೋಟಾರ್ ಆಫ್ ಮಾಡಿ. ಸೀಟು ಹಿಡಿದು ಹಿಂದಿನ ಚಕ್ರವನ್ನು ನಾಲ್ಕು ಬೆರಳು ಮೇಲೆತ್ತಿ, ಲಿವರ್ ಒತ್ತಿ, ಪಾದದ ತುದಿಯಿಂದ ಪೆಡಲನ್ನು ಒಂದೆರಡು ಸುತ್ತು ಮುಂದಕ್ಕೆ ತಳ್ಳಿ. ಟಿಕ್, ಟಿಕ್, ಟಿಕ್ ಅಂತ ಚೈನ್ ದೊಡ್ಡ ಚಕ್ರಕ್ಕೆ ಹತ್ತಿಕೊಳ್ಳುತ್ತದೆ. ಹಿಂದಿನ ಆಟೋದವರು ಹಾರ್ನ್ ಹೊಡೆಯುವಷ್ಟರಲ್ಲಿ ನೀವು ತಯಾರಾಗಿರುತ್ತೀರಿ.