ರಾತ್ರಿ ಹಲ್ಲುಜ್ಜುವುದು ನಮ್ಮ ಮನೆಗಳಲ್ಲಿ ಯಾಕೆ ಬೇರೂರಲಿಲ್ಲ?

ದಂತವೈದ್ಯೆಯಾಗಿ ನಾನು ದಿನವೂ ಕೇಳುವ ಪ್ರಶ್ನೆ: ರಾತ್ರಿ ಹಲ್ಲುಜ್ಜುತ್ತೀರಾ? ಹೆಚ್ಚಿನವರು ಸಂಕೋಚದಿಂದ ನಗುತ್ತಾರೆ. ‘ಸೋಮಾರಿತನ ಡಾಕ್ಟ್ರೇ’ ಎನ್ನುತ್ತಾರೆ. ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ಇದೇ ಜನ ಬೆಳಿಗ್ಗೆ ಹಲ್ಲುಜ್ಜದೆ ಒಂದು ಗುಟುಕು ಕಾಫಿ ಮುಟ್ಟುವುದಿಲ್ಲ. ಜ್ವರ ಬಂದು ಮಲಗಿದ್ದರೂ ಎದ್ದು ಬಾಯಿ ತೊಳೆದೇ ಗಂಜಿ ಕುಡಿಯುತ್ತಾರೆ. ಸೋಮಾರಿಗಳು ಹೀಗಿರುತ್ತಾರಾ? ಬೆಳಗಿನ ಅಭ್ಯಾಸವನ್ನು ಮನೆ, ಓಣಿ, ದೇವರಕೋಣೆ ಎಲ್ಲವೂ ಸೇರಿ ಕಾಪಾಡಿಕೊಂಡು ಬಂದಿವೆ. ರಾತ್ರಿಯದಕ್ಕೆ ಅಂಥ ಆಸರೆ ಸಿಗಲಿಲ್ಲ.

ಹಳೆಯ ವೈದ್ಯಗ್ರಂಥಗಳನ್ನು ನೋಡಿದರೆ ಎರಡು ಹೊತ್ತಿನ ಮಾತೇ ಇದೆ. ಚರಕಸಂಹಿತೆ ದಿನಕ್ಕೆ ಎರಡು ಸಲ ಹಲ್ಲುಕಡ್ಡಿ ಬಳಸಲು ಹೇಳುತ್ತದೆ. ಅಷ್ಟಾಂಗಹೃದಯ ಬೆಳಿಗ್ಗೆ ಒಂದು ಸಲ, ಊಟ ಆದಮೇಲೆ ಒಂದು ಸಲ ಎನ್ನುತ್ತದೆ. ಕಡ್ಡಿ 12 ಅಂಗುಲ, ಅಂದರೆ 12 ಬೆರಳಗಲ ಉದ್ದ, ಕಿರುಬೆರಳಿನಷ್ಟು ದಪ್ಪ ಇರಬೇಕು. ತುದಿಯನ್ನು ಅಗಿದು ಮೆತ್ತಗೆ ಮಾಡಿಕೊಳ್ಳಬೇಕು, ವಸಡಿಗೆ ನೋವಾಗಬಾರದು. ಇವತ್ತು ಕ್ಲಿನಿಕ್‌ನಲ್ಲಿ ನಾನು ಹೇಳುವುದೂ ಇದನ್ನೇ.

ಆದರೂ ಬಳಕೆಯಲ್ಲಿ ಗಟ್ಟಿಯಾಗಿ ಉಳಿದದ್ದು ಬೆಳಗಿನದು ಮಾತ್ರ. ನನಗೆ ತಿಳಿದಮಟ್ಟಿಗೆ ಇದಕ್ಕೆ ಕಾರಣ ಸರಳ. ನಮ್ಮಲ್ಲಿ ಹಲ್ಲುಜ್ಜುವುದು ವೈದ್ಯರ ಲೆಕ್ಕದಲ್ಲಿ ನಡೆಯಲಿಲ್ಲ, ಮಡಿಯ ಲೆಕ್ಕದಲ್ಲಿ ನಡೆಯಿತು. ಎದ್ದ ಬಾಯಿ ಶುದ್ಧವಲ್ಲ. ಆದ್ದರಿಂದ ಮೊದಲು ಬಾಯಿ, ಆಮೇಲೆ ಸ್ನಾನ, ದೇವರ ದೀಪ, ಕೊನೆಗೆ ಹೊಟ್ಟೆ. ಒಂದನ್ನು ಬಿಟ್ಟರೆ ಮುಂದಿನದಕ್ಕೆ ಹೋಗುವ ಹಾಗಿಲ್ಲ. ಧರ್ಮಶಾಸ್ತ್ರಗಳು ಅಮಾವಾಸ್ಯೆ, ಪಾಡ್ಯ, ಷಷ್ಠಿ, ನವಮಿ, ಶ್ರಾದ್ಧದಂಥ ದಿನಗಳಲ್ಲಿ ಕಡ್ಡಿಯಿಂದ ಹಲ್ಲುಜ್ಜಬಾರದು ಎಂದೇ ಹೇಳಿದವು. ಅಂಥ ದಿನ 12 ಸಲ ನೀರಿನಿಂದ ಬಾಯಿ ಮುಕ್ಕಳಿಸಿದರೆ ಸಾಕು. ಹುಳುಕು ತಡೆಯುವುದೇ ಉದ್ದೇಶವಾಗಿದ್ದರೆ ಹೀಗೆ ರಜೆ ಕೊಡುತ್ತಿದ್ದರಾ? ಮಡಿ ಮೈಲಿಗೆಯ ಗೊಡವೆ ಅಷ್ಟಿಲ್ಲದ ರೈತರ ಮನೆಗಳಲ್ಲೂ ಕಡ್ಡಿ ಬೆಳಗಿನದೇ. ಹೊಲದ ದಾರಿಯಲ್ಲಿ ಬೇವಿನದೋ ಹೊಂಗೆಯದೋ ಜಾಲಿಯದೋ ಒಂದು ಕಡ್ಡಿ ಮುರಿದು ಬಾಯಿಗಿಟ್ಟರೆ, ಹೊಲ ಮುಟ್ಟುವ ತನಕ ಅಗಿಯುತ್ತಾ ಹೋಗುವುದು. ಕೊನೆಗೆ ಅದೇ ಕಡ್ಡಿಯನ್ನು ಸೀಳಿ ನಾಲಿಗೆ ಕೆರೆದು ಬಿಸಾಡುವುದು. ಇನ್ನು ರಾತ್ರಿಯ ಊಟವನ್ನು ಮುಗಿಸುತ್ತಿದ್ದದ್ದು ಎಲೆ, ಅಡಿಕೆ, ಸುಣ್ಣ. ಬಾಯಿ ಶುದ್ಧವಾಯಿತು ಎಂಬ ಸಮಾಧಾನವನ್ನು ತಾಂಬೂಲವೇ ಕೊಟ್ಟುಬಿಡುತ್ತಿತ್ತು.

ಹಲ್ಲಿಗೆ ಹಾಕುವ ಪುಡಿಯ ಕಥೆ ಬಚ್ಚಲಿನಿಂದ ಶುರುವಾಗುತ್ತದೆ. ಹಂಡೆ ಒಲೆ ಇದ್ದ ಮನೆಯಲ್ಲಿ ಇದ್ದಿಲಿಗೆ, ಬೂದಿಗೆ ಬರವಿರಲಿಲ್ಲ. ಅದಕ್ಕೆ ಚೂರು ಉಪ್ಪು ಬೆರೆಸಿದರೆ ಮುಗಿಯಿತು. ಭತ್ತ ಬೆಳೆಯುವ ಕಡೆ ಹೊಟ್ಟನ್ನು ಸುಟ್ಟ ಕರಿ. ಕರಾವಳಿಯಲ್ಲಿ ಮಾವಿನ ಎಲೆ. ಏನೂ ಇಲ್ಲದವರಿಗೆ ಇಟ್ಟಿಗೆ ಪುಡಿ. ಇದಕ್ಕೆಲ್ಲ ಕಾಸು ಖರ್ಚಿರಲಿಲ್ಲ. ಈ ಮನೆಯ ಪುಡಿ ಅಂಗಡಿಯ ಪೊಟ್ಟಣವಾದದ್ದಕ್ಕೆ ನಮ್ಮ ಮೈಸೂರು ಸೀಮೆಯಲ್ಲೇ ಒಳ್ಳೆಯ ಉದಾಹರಣೆ ಇದೆ. ಬಿ.ವಿ. ಪಂಡಿತರು 1913ರಲ್ಲಿ ನಂಜನಗೂಡಿನಲ್ಲಿ ಸದ್ವೈದ್ಯಶಾಲೆ ಶುರುಮಾಡಿದರು. ಅಲ್ಲಿಂದ ಬಂದ ನಂಜನಗೂಡು ಹಲ್ಲುಪುಡಿ ತಲೆಮಾರುಗಳ ಕಾಲ ಮನೆಮಾತಾಗಿತ್ತು. ಈಗಲೂ ನನ್ನ ಹಿರಿಯ ರೋಗಿಗಳು ಆ ಹೆಸರು ಹೇಳುವಾಗ ಅವರ ಮುಖ ಅರಳುತ್ತದೆ. ಬೆರಳಿಗೆ ಪುಡಿ ಹಚ್ಚಿ ಉಜ್ಜುವುದರಲ್ಲಿ ಒಂದು ಲಾಭವೂ ಇತ್ತು. ವಸಡು ಎಲ್ಲಿ ಊದಿದೆ, ಯಾವ ಹಲ್ಲು ಅಲ್ಲಾಡುತ್ತಿದೆ ಎಂದು ಬೆರಳಿಗೆ ಗೊತ್ತಾಗುತ್ತದೆ.

ಬ್ರಷ್ ಒಳಗೆ ಬರಲು ತಡವಾದದ್ದಕ್ಕೂ ಮಡಿಯೇ ಒಂದು ಕಾರಣ ಎಂದು ನನ್ನ ಅಂದಾಜು. ಇಂಗ್ಲೆಂಡಿನಲ್ಲಿ ವಿಲಿಯಂ ಆಡಿಸ್ 1780ರ ಸುಮಾರಿಗೆ ಬ್ರಷ್‌ಗಳನ್ನು ಮಾರಾಟಕ್ಕೆ ಮಾಡತೊಡಗಿದಾಗ ಅವುಗಳ ಹಿಡಿ ಮೂಳೆಯದು. ಆ ಕಾಲದ ಬ್ರಷ್‌ಗಳಿಗೆ ಹಂದಿಯಂಥ ಪ್ರಾಣಿಗಳ ಕೂದಲು. ಅಮೆರಿಕದಲ್ಲಿ ನೈಲಾನ್ ಎಳೆಯ ಬ್ರಷ್ ಬಂದದ್ದು 1938ರಲ್ಲಿ. ನೈಲಾನ್ ಬಂದಮೇಲೂ ಇನ್ನೊಂದು ತೊಡಕು ಉಳಿಯಿತು, ಅದೇ ಎಂಜಲು. ಕಡ್ಡಿಯನ್ನು ದಿನವೂ ಎಸೆಯುತ್ತೇವೆ. ನಿನ್ನೆ ಬಾಯಲ್ಲಿಟ್ಟದ್ದನ್ನು ಇವತ್ತು ಮತ್ತೆ ಇಡುವುದು ಹೇಗೆ? ಈ ಪ್ರಶ್ನೆಯನ್ನು ಅಜ್ಜಿಯರಿಂದ ನಾನು ಕೇಳಿದ್ದೇನೆ. ಅದರಲ್ಲಿ ತಪ್ಪೇನಿಲ್ಲ. ಎಳೆ ಬಾಗಿದ ಬ್ರಷ್ಷನ್ನು ವರ್ಷಗಟ್ಟಲೆ ಇಟ್ಟುಕೊಳ್ಳುವವರು ಆ ಅಜ್ಜಿಯರ ಮಾತನ್ನು ಸ್ವಲ್ಪ ಕೇಳಬೇಕು. ಮೂರ್ನಾಲ್ಕು ತಿಂಗಳಿಗೊಮ್ಮೆ ಬ್ರಷ್ ಬದಲಿಸಿ.

ಪೇಸ್ಟ್ ಜೊತೆ ಅಂತಸ್ತೂ ಬಂತು. ಕೋಲ್ಗೇಟ್ ಕಂಪನಿ ಭಾರತದಲ್ಲಿ ನೋಂದಣಿಯಾದದ್ದು 1937ರಲ್ಲಿ. 1952ರ ಕೊನೆಗೆ ರೇಡಿಯೋ ಸಿಲೋನ್‌ನಲ್ಲಿ ಅಮೀನ್ ಸಯಾನಿ ಅವರ ಬಿನಾಕಾ ಗೀತಮಾಲಾ ಶುರುವಾಯಿತು. ಹಾಡು ಕೇಳಲು ಕಾದವರ ಕಿವಿಗೆ ವಾರವಾರವೂ ಒಂದು ಪೇಸ್ಟಿನ ಹೆಸರು ಬಿತ್ತು. ಬಿನಾಕಾ ಡಬ್ಬಿಯೊಳಗೆ ಸಿಗುತ್ತಿದ್ದ ಪುಟ್ಟ ಪ್ಲಾಸ್ಟಿಕ್ ಪ್ರಾಣಿಗಳಿಗಾಗಿ ಮಕ್ಕಳು ಹಟ ಹಿಡಿಯುತ್ತಿದ್ದರು. ಎಷ್ಟೋ ಮನೆಗಳಲ್ಲಿ ಆಫೀಸಿಗೆ ಹೋಗುವ ಗಂಡಸರಿಗೆ ಪೇಸ್ಟು, ಉಳಿದವರಿಗೆ ಪುಡಿ. ಆಮೇಲೆ ಗ್ಯಾಸ್ ಒಲೆ, ಗೀಸರ್ ಬಂದವು, ಬಚ್ಚಲೊಲೆ ಆರಿತು. ಅದರೊಂದಿಗೆ ಬೂದಿಯೂ ಇದ್ದಿಲೂ ಹೋದವು. ಜಾಹೀರಾತಿನಷ್ಟೇ ಜೋರಾಗಿ ಈ ಬದಲಾವಣೆಯೂ ನಮ್ಮನ್ನು ಪೇಸ್ಟಿನ ಕಡೆ ತಳ್ಳಿತು ಎನಿಸುತ್ತದೆ. ಹಿತ್ತಲಲ್ಲಿ ಓಡಾಡುತ್ತಾ ನಿಧಾನವಾಗಿ ಆಗುತ್ತಿದ್ದ ಕೆಲಸ ವಾಷ್ ಬೇಸಿನ್ ಮುಂದೆ ಒಂದು ನಿಮಿಷಕ್ಕೆ ಇಳಿಯಿತು.

ಇಷ್ಟು ಹೊತ್ತಿಗೆ ನಮ್ಮ ತಟ್ಟೆಯೂ ಬದಲಾಗಿತ್ತು. ನನ್ನ ದೃಷ್ಟಿಯಲ್ಲಿ ಇಡೀ ಕಥೆಯ ತಿರುವು ಇದೇ. ಕನ್ನಂಬಾಡಿ ಕಟ್ಟೆಯ ನೀರು ಮಂಡ್ಯಕ್ಕೆ ಬಂದಮೇಲೆ ಕಬ್ಬು ಬಂತು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಬಂತು. ಸಕ್ಕರೆ ನಿಧಾನವಾಗಿ ದಿನದ ಪದಾರ್ಥವಾಯಿತು. ಕಾಫಿ, ಟೀ, ಬಿಸ್ಕತ್ತು ಹಳ್ಳಿಯ ಅಂಗಡಿಗೂ ತಲುಪಿದವು. ಮುದ್ದೆ, ಸೊಪ್ಪು, ರೊಟ್ಟಿ ತಿಂದ ಬಾಯಿಗೆ ಬೆಳಗಿನ ಕಡ್ಡಿ ಬಹುಮಟ್ಟಿಗೆ ಸಾಕಾಗುತ್ತಿತ್ತು. ದಿನಕ್ಕೆ ನಾಲ್ಕು ಸಲ ಸಿಹಿ ಕುಡಿಯುವ ಬಾಯಿಗೆ ಸಾಲದು. ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆ ತಿಂದು ಆಮ್ಲ ಮಾಡುತ್ತವೆ. ಆಮ್ಲ ಹೆಚ್ಚಾದಷ್ಟೂ ಪಿಎಚ್ ಎಂಬ ಅಳತೆ ಇಳಿಯುತ್ತದೆ. ಅದು ಸುಮಾರು 5.5ಕ್ಕಿಂತ ಇಳಿದರೆ ಹಲ್ಲಿನ ಹೊರಕವಚವಾದ ಎನಾಮೆಲ್‌ನಿಂದ ಖನಿಜ ಕರಗತೊಡಗುತ್ತದೆ. ಹಗಲಿನಲ್ಲಿ ಬಾಯಲ್ಲಿ ಊರುವ ಎಂಜಲು ಆ ಆಮ್ಲವನ್ನು ತೊಳೆಯುತ್ತದೆ, ಕಳೆದುಹೋದ ಖನಿಜವನ್ನು ಒಂದಿಷ್ಟು ಮರಳಿ ತುಂಬುತ್ತದೆ. ನಿದ್ದೆಯಲ್ಲಿ ಎಂಜಲು ಬಹಳ ಕಡಿಮೆಯಾಗುತ್ತದೆ. ಹಾಗಾಗಿ ಸಿಹಿ ಅಂಟಿದ ಹಲ್ಲಿನೊಂದಿಗೆ ಮಲಗುವುದು ಇಡೀ ದಿನದಲ್ಲೇ ಅತಿ ಕೆಟ್ಟ ಹೊತ್ತು. ಊಟ ಬದಲಾಯಿತು, ಬಾಯಿ ತೊಳೆಯುವ ಹೊತ್ತು ಮಾತ್ರ ಹಳೆಯದೇ ಉಳಿಯಿತು.

ಪುಡಿ ಹೋದರೂ ಪುಡಿಯ ಕಾಲದ ಕೈ ಹೋಗಿಲ್ಲ. ಬೂದಿಯಲ್ಲಿ ತಿಕ್ಕಿದ ಅಭ್ಯಾಸದಲ್ಲೇ ಗಟ್ಟಿ ಬ್ರಷ್ ಹಿಡಿದು ಅಡ್ಡಡ್ಡ ಉಜ್ಜುವವರು ಜಾಸ್ತಿ. ಅಂಥವರ ವಸಡಿನ ಅಂಚಿನಲ್ಲಿ, ಹಲ್ಲಿನ ಬುಡದಲ್ಲಿ ಕೊಡಲಿ ಏಟು ಬಿದ್ದಂಥ ಕಚ್ಚು ಕಾಣುತ್ತದೆ. ತಣ್ಣೀರು ಮುಟ್ಟಿದರೆ ಜುಮ್ಮೆನ್ನುತ್ತದೆ. ಪಾವಗಡದ ಕಡೆಯಿಂದ ಬರುವ ಮಕ್ಕಳ ವಿಷಯದಲ್ಲಿ ನನಗೆ ಇನ್ನೂ ಹೆಚ್ಚು ಸಂಕಟವಾಗುತ್ತದೆ. ಅಲ್ಲಿನ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು ಎಂಬುದು ಭಾರತೀಯ ಮಾನದಂಡ, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ. ಅದಕ್ಕಿಂತ ಹೆಚ್ಚಿನ ನೀರನ್ನು ಚಿಕ್ಕಂದಿನಲ್ಲಿ ಕುಡಿದ ಮಕ್ಕಳ ಹಲ್ಲು ಕಂದಾಗಿ ಮೂಡುತ್ತದೆ. ನೋಡಿದವರು ಹಲ್ಲುಜ್ಜಿಲ್ಲ ಎಂದು ಬೈಯುತ್ತಾರೆ. ಮಗು ಇಟ್ಟಿಗೆ ಪುಡಿ ಹಾಕಿ ತಿಕ್ಕುತ್ತದೆ. ಆ ಕಲೆ ಹಲ್ಲು ವಸಡಿನೊಳಗೆ ರೂಪುಗೊಳ್ಳುವಾಗಲೇ ಆದದ್ದು. ಎಷ್ಟು ತಿಕ್ಕಿದರೂ ಹೋಗದು, ಎನಾಮೆಲ್ ಸವೆಯುತ್ತದೆ ಅಷ್ಟೆ. ದಯವಿಟ್ಟು ಆ ಮಕ್ಕಳನ್ನು ಬೈಯಬೇಡಿ, ನೀರು ಪರೀಕ್ಷೆ ಮಾಡಿಸಿ.

ಬಾಯಿ ಚೆನ್ನಾಗಿ ಮುಕ್ಕಳಿಸುವುದೂ ಮಡಿಯಿಂದ ಬಂದದ್ದೇ. ಊಟದ ನಂತರ ಅದು ಒಳ್ಳೆಯದು, ಬಿಡಬೇಡಿ. ಪೇಸ್ಟ್ ಹಾಕಿ ಉಜ್ಜಿದ ಮೇಲೆ ಮಾತ್ರ ನೊರೆ ಉಗಿದರೆ ಸಾಕು. ಚೊಂಬುಗಟ್ಟಲೆ ನೀರು ಹಾಕಿದರೆ ಹಲ್ಲಿನ ಮೇಲೆ ಉಳಿಯಬೇಕಾದ ಫ್ಲೋರೈಡೂ ತೊಳೆದುಹೋಗುತ್ತದೆ. ನೀರಿನಲ್ಲಿ ಹೆಚ್ಚಾದರೆ ಕೆಡಿಸುವ ಅದೇ ಫ್ಲೋರೈಡ್, ಪೇಸ್ಟಿನಲ್ಲಿ ಹಿತಮಿತವಾಗಿ ಹಲ್ಲಿನ ಮೇಲೆ ನಿಂತರೆ ಕಾಯುತ್ತದೆ. ಮೂರು ವರ್ಷದೊಳಗಿನ ಮಕ್ಕಳಿಗೆ ಅಕ್ಕಿಕಾಳಿನಷ್ಟು ಪೇಸ್ಟ್, ಆರು ವರ್ಷದವರೆಗೆ ಬಟಾಣಿಯಷ್ಟು. ನೀರಿನಲ್ಲೇ ಫ್ಲೋರೈಡ್ ಇರುವ ಊರಾದರೆ ಪುಟ್ಟ ಮಕ್ಕಳಿಗೆ ಯಾವ ಪೇಸ್ಟ್ ಎಂದು ದಂತವೈದ್ಯರನ್ನು ಕೇಳಿ ಕೊಡಿ.

ರಾತ್ರಿಯ ಅಭ್ಯಾಸ ಬೇರೂರಿ ನಿಲ್ಲಬೇಕಾದರೆ ಅದಕ್ಕೂ ಬೆಳಗಿನಂತೆ ಒಂದು ಕೊಂಡಿ ಬೇಕು. ಬರಿಯ ನೆನಪಿನ ಮೇಲೆ ಬಿಟ್ಟರೆ ನಿಲ್ಲುವುದಿಲ್ಲ. ಬಹಳ ಮನೆಗಳಲ್ಲಿ ಮಕ್ಕಳಿಗೆ ಮಲಗುವಾಗ ಸಕ್ಕರೆ ಹಾಕಿದ ಹಾಲು ಕೊಡುತ್ತಾರೆ, ಅದನ್ನೇ ಕೊಂಡಿ ಮಾಡಿಕೊಳ್ಳಿ ಎನ್ನುತ್ತೇನೆ. ಸಕ್ಕರೆ ಬೇಡ. ಹಾಲಿನ ಲೋಟ ಖಾಲಿಯಾದ ತಕ್ಷಣ ಬ್ರಷ್, ಮಗುವಿನ ಪಕ್ಕದಲ್ಲೇ ನಿಂತು ಅಪ್ಪ ಅಮ್ಮನೂ ಉಜ್ಜಬೇಕು. ಆಮೇಲೆ ಬೆಳಗಿನವರೆಗೆ ನೀರು ಬಿಟ್ಟು ಬೇರೇನೂ ಕೊಡಬೇಡಿ.