‘ಶುಗರ್ ಎಷ್ಟಿದೆ’ ಎಂದರೆ ಸಾಕು, ಮಗಳು ಸಿಡಿಯುತ್ತಾಳೆ

ಪ್ರಶ್ನೆ: ನನ್ನ ಮಗಳಿಗೆ 15 ವರ್ಷ. ಹತ್ತನೇ ವಯಸ್ಸಿನಿಂದ, ದೇಹದಲ್ಲಿ ಇನ್ಸುಲಿನ್ ತಯಾರಾಗದ ಟೈಪ್ ಒನ್ ಮಧುಮೇಹವಿದೆ. ಕಳೆದ ವರ್ಷದವರೆಗೂ ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡುತ್ತಿದ್ದವಳು ಈಗ ರಕ್ತ ಪರೀಕ್ಷೆ ತಪ್ಪಿಸುತ್ತಾಳೆ, ಪುಸ್ತಕದಲ್ಲಿ ಸುಳ್ಳು ಅಂಕಿ ಬರೆಯುತ್ತಾಳೆ, ಕೇಳಿದರೆ ಸಿಡಿಯುತ್ತಾಳೆ. ಇದು ಸೋಮಾರಿತನವೇ? ದೊಡ್ಡವಳಾದಳೆಂದು ಎಲ್ಲವನ್ನೂ ಅವಳಿಗೇ ಬಿಟ್ಟುಬಿಡಲೇ?

ಉತ್ತರ: ಇದನ್ನು ಸೋಮಾರಿತನವೆಂದು ಕರೆಯಬೇಡಿ; ಎಲ್ಲವನ್ನೂ ಅವಳ ಮೇಲೆ ಹೊರಿಸುವುದೂ ಈಗ ಬೇಡ.

1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಮಧುಮೇಹಕ್ಕಾಗಿ ಮೊದಲ ಇನ್ಸುಲಿನ್ ಚುಚ್ಚುಮದ್ದು ಪಡೆದ ಲಿಯೊನಾರ್ಡ್ ಥಾಂಪ್ಸನ್‌ನಿಗೆ 14 ವರ್ಷ, ಹೆಚ್ಚುಕಡಿಮೆ ನಿಮ್ಮ ಮಗಳದೇ ವಯಸ್ಸು. ಆ ಔಷಧ ಅಲ್ಲಿಂದೀಚೆಗೆ ಲೆಕ್ಕವಿಲ್ಲದಷ್ಟು ಮಕ್ಕಳ ಜೀವ ಉಳಿಸಿದೆ. ಆದರೆ ಎಷ್ಟು ಇನ್ಸುಲಿನ್, ಯಾವ ಹೊತ್ತಿಗೆ ಎಂದು ಮೇದೋಜ್ಜೀರಕ ಗ್ರಂಥಿಯು ಸದ್ದಿಲ್ಲದೆ ಹಾಕುತ್ತಿದ್ದ ಲೆಕ್ಕವನ್ನು ಮಗುವೇ ಊಟ, ಆಟ, ನಿದ್ದೆ, ಜ್ವರ ಎಲ್ಲವನ್ನೂ ಗಮನದಲ್ಲಿಟ್ಟುಕೊಂಡು ಹಾಕಬೇಕಾಗಿದೆ. ಒಂದು ದಿನವೂ ರಜೆಯಿಲ್ಲದ ಈ ಕೆಲಸದಿಂದ ಮನಸ್ಸು ದಣಿಯುವುದನ್ನು ವೈದ್ಯರು ‘ಡಯಾಬಿಟಿಸ್ ಡಿಸ್ಟ್ರೆಸ್’ ಎನ್ನುತ್ತಾರೆ. ಹರೆಯದವರಲ್ಲಿ ಇದು ಸಾಮಾನ್ಯ.

ಇದರ ಜೊತೆಗೆ ಹರೆಯವೇ ಲೆಕ್ಕವನ್ನು ತಪ್ಪಿಸುತ್ತದೆ. ಈ ವಯಸ್ಸಿನಲ್ಲಿ ಏರುವ ಬೆಳವಣಿಗೆಯ ಹಾರ್ಮೋನು ಇನ್ಸುಲಿನ್ನಿನ ಪ್ರಭಾವವನ್ನು ತಗ್ಗಿಸುವುದರಿಂದ, ಹೋದ ವರ್ಷ ಸಾಕಾಗುತ್ತಿದ್ದ ಪ್ರಮಾಣ ಈ ವರ್ಷ ಸಾಲದು. ಹಲವು ಹುಡುಗಿಯರಲ್ಲಿ ಮುಟ್ಟಿನ ಆಸುಪಾಸಿನ ದಿನಗಳಲ್ಲಿ ಸಕ್ಕರೆ ಇನ್ನಷ್ಟು ಏರುಪೇರಾಗುತ್ತದೆ. ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದ ದಿನವೂ ಮೀಟರಿನಲ್ಲಿ ಸಕ್ಕರೆ 260ಕ್ಕೆ ಏರಿದ್ದು ಕಂಡರೆ, ಆ ಮಗು ಮತ್ತೆ ಯಾವ ಹುರುಪಿನಿಂದ ಬೆರಳು ಚುಚ್ಚಿಕೊಂಡೀತು?

ಆ ಪುಸ್ತಕವನ್ನು ಒಮ್ಮೆ ಹತ್ತಿರದಿಂದ ನೋಡಿ. 110, 120, 130 ಎಂಬ ದುಂಡನೆಯ ಅಂಕಿಗಳು, ವಾರಪೂರ್ತಿ ಒಂದೇ ಪೆನ್ನಿನ ಒಂದೇ ಓಟದ ಬರಹ. ನನ್ನ ದೃಷ್ಟಿಯಲ್ಲಿ ಅದು ಮೋಸಕ್ಕಿಂತ ಹೆಚ್ಚಾಗಿ ಬೈಗುಳದಿಂದ ತಪ್ಪಿಸಿಕೊಳ್ಳುವ ದಾರಿ. ‘ಒಳ್ಳೆಯ ಶುಗರ್’, ‘ಕೆಟ್ಟ ಶುಗರ್’ ಎಂದು ನಾವು ಆಡಿದ ಮಾತುಗಳೇ ಅಂಕಿಯನ್ನು ಪರೀಕ್ಷೆಯ ಫಲಿತಾಂಶದಂತೆ ಮಾಡಿಬಿಟ್ಟಿರುತ್ತವೆ. ಶಾಲೆಯಿಂದ ಬಂದವಳು ಚೀಲ ಕೆಳಗಿಡುವ ಮುನ್ನವೇ ‘ಶುಗರ್ ಎಷ್ಟಿದೆ’ ಎಂದು ಕೇಳುವುದನ್ನು ದಯವಿಟ್ಟು ಬಿಡಿ. ಮೊದಲು ಅವಳ ದಿನ ಹೇಗಿತ್ತೆಂದು ಕೇಳಿ. 260 ಎಂದು ನಿಜ ಹೇಳಿದ ದಿನ ‘ಏನು ತಿಂದೆ’ ಎಂದು ವಿಚಾರಣೆಗಿಳಿಯದೆ, ‘ಹೇಳಿದ್ದು ಒಳ್ಳೆಯದಾಯಿತು, ಈಗ ಎಷ್ಟು ತೆಗೆದುಕೊಳ್ಳಬೇಕೆಂದು ಇಬ್ಬರೂ ನೋಡೋಣ’ ಎನ್ನಿ.

ಜವಾಬ್ದಾರಿಯನ್ನು ಒಮ್ಮೆಗೇ ಕೈಬಿಟ್ಟ ಮನೆಗಳಲ್ಲಿ ನಿಯಂತ್ರಣ ಹದಗೆಡುವುದೇ ಹೆಚ್ಚು. ಊಟದ ಇನ್ಸುಲಿನ್ನಿನ ಲೆಕ್ಕ ಅವಳದಿರಲಿ, ರಾತ್ರಿಯ ದೀರ್ಘಾವಧಿ ಇನ್ಸುಲಿನ್ ನೆನಪಿಸುವುದು ನಿಮ್ಮದಿರಲಿ. ಯಾವುದು ಯಾರದೆಂಬುದನ್ನು ಅವಳೇ ಆರಿಸಲಿ. ತೀರಾ ದಣಿದ ದಿನ ಎಲ್ಲವನ್ನೂ ನೀವೇ ನೋಡಿಕೊಳ್ಳಿ.

ಕೆಲವು ಲಕ್ಷಣಗಳಿಗೆ ಮಾತ್ರ ಕಾಯುವಂತಿಲ್ಲ. ತೂಕ ಇಳಿಸಲೆಂದೋ ಬೇಸರದಿಂದಲೋ ಇನ್ಸುಲಿನ್ ಬಿಟ್ಟರೆ ರಕ್ತದಲ್ಲಿ ಕೀಟೋನು ಎಂಬ ಆಮ್ಲೀಯ ವಸ್ತು ಸೇರಿ ಪ್ರಾಣಾಪಾಯವಾಗಬಹುದು. ಸಕ್ಕರೆ ಏರಿದಾಗ ವಾಂತಿ, ಹೊಟ್ಟೆನೋವು, ಏದುಸಿರು, ಬಾಯಿಯಲ್ಲಿ ಹಣ್ಣಿನಂಥ ವಾಸನೆ ಕಂಡರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಮೇಲೆ ಹೇಳಿದ ಡಿಸ್ಟ್ರೆಸ್, ಅಂದರೆ ಆ ದಣಿವು, ಮಧುಮೇಹದ ವಿಷಯಗಳ ಸುತ್ತಲೇ ಇರುತ್ತದೆ. ಗೆಳತಿಯರು, ಇಷ್ಟದ ಆಟ, ನಿದ್ದೆ, ಊಟ ಯಾವುದೂ ಬೇಡವಾಗಿ ಎರಡು ವಾರ ಕಳೆದರೆ ಅದು ಖಿನ್ನತೆಯಿರಬಹುದು, ಮನೋವೈದ್ಯರನ್ನು ಕಾಣಬೇಕು. ಬದುಕೇ ಬೇಡವೆಂಬ ಮಾತು ಬಂದರೆ ಅಂದೇ ಕಾಣಬೇಕು, ಇನ್ಸುಲಿನ್ ನಿಮ್ಮ ವಶದಲ್ಲಿರಬೇಕು.

ಮುಂದಿನ ಭೇಟಿಯಲ್ಲಿ, ವೈದ್ಯರು ಕೆಲವು ನಿಮಿಷ ಅವಳೊಬ್ಬಳೊಂದಿಗೇ ಮಾತನಾಡಲೆಂದು ನೀವಾಗಿಯೇ ಕೇಳಿಕೊಂಡು ಹೊರಗೆ ಕುಳಿತುಕೊಳ್ಳಿ. ಮನೆಯಲ್ಲಿ ಬರೆಯಲಾಗದ ಅಂಕಿಯನ್ನು ಅವಳು ಅಲ್ಲಿ ಹೇಳಬಹುದು. ಹೊರಬಂದ ಮೇಲೆ ಏನು ಮಾತಾಯಿತೆಂದು ಕೇಳಬೇಡಿ.